ಸಿಆರ್‌ಟಿ ಫಲ ಕೊಡುತ್ತಾ? ಎಕೋದಲ್ಲಿ ಏನೇನು ನೋಡಬೇಕು

ಹಾರ್ಟ್ ಫೇಲ್ಯೂರ್ ಇರುವವರಿಗೆ ಡಾಕ್ಟರು ‘ಸಿಆರ್‌ಟಿ (ಒಂದು ಬಗೆಯ ಪೇಸ್‌ಮೇಕರ್) ಹಾಕೋಣ’ ಅಂದಾಗ ಮನೆಯವರಿಗೆ ಬರುವ ಪ್ರಶ್ನೆ ಒಂದೇ. ಇಷ್ಟು ದುಡ್ಡು ಹಾಕಿದರೆ ಗುಣ ಕಾಣುತ್ತಾ? ಕೇಳಲೇಬೇಕಾದ ಪ್ರಶ್ನೆ ಇದು, ಯಾಕಂದ್ರೆ ಹತ್ತರಲ್ಲಿ ಸುಮಾರು ಮೂವರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಆಗುವುದಿಲ್ಲ. ಹೃದಯದ ಎಡ ಕೆಳಕೋಣೆಯ ಗೋಡೆಗಳು ಒಂದು ಮುಂಚೆ, ಒಂದು ತಡವಾಗಿ ಬಡಿಯುತ್ತಿದ್ದರೆ ಅವನ್ನು ಜೊತೆಯಾಗಿ ಬಡಿಸುವುದೇ ಈ ಪೇಸ್‌ಮೇಕರಿನ ಕೆಲಸ.

ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿಗೆ, ಮುಂಚೆ ಇಸಿಜಿ ತೆಗೆದು ನೋಡಿ. ಅದರಲ್ಲಿ ಕ್ಯೂಆರ್‌ಎಸ್ ಅಗಲ (ಕೆಳಕೋಣೆಗಳಿಗೆ ಕರೆಂಟ್ ಹರಡಲು ಹಿಡಿಯುವ ಸಮಯ) 150 ಮಿಲಿಸೆಕೆಂಡ್ ಅಥವಾ ಜಾಸ್ತಿ ಇದ್ದು, ಜೊತೆಗೆ ಎಲ್‌ಬಿಬಿಬಿ (ಎಡಗಡೆಯ ಕರೆಂಟ್ ದಾರಿಯಲ್ಲಿ ತಡೆ) ಅಂತ ಬರೆದಿದ್ದರೆ ಫಲ ಸಿಗುವ ಸಾಧ್ಯತೆ ಹೆಚ್ಚು.

ಆಮೇಲೆ ಎಕೋದಲ್ಲಿ ಇಎಫ್, ಅಂದರೆ ಪ್ರತಿ ಬಡಿತಕ್ಕೆ ಎಡಕೋಣೆ ತನ್ನೊಳಗಿನ ರಕ್ತದಲ್ಲಿ ಹೊರಹಾಕುವ ಪಾಲು. ಔಷಧಿ ಸರಿಯಾಗಿ ತೆಗೆದುಕೊಂಡ ಮೇಲೂ ಅದು ಶೇ 35 ಅಥವಾ ಕಡಿಮೆ ಇದ್ದರೆ ಮಾತ್ರ ಮುಂದಿನ ಮಾತು.

ಈಗ ಚಿತ್ರವನ್ನೇ ನೋಡಬೇಕು. ಬಡಿತ ಶುರುವಾಗುತ್ತಿದ್ದಂತೆ ನಡುಗೋಡೆ ಚಟಕ್ಕನೆ ಎಡಕೋಣೆಯ ಒಳಕ್ಕೆ ಸರಿದು ವಾಪಸ್ ಹೋಗುತ್ತಾ, ಹೃದಯದ ತುದಿ ಅತ್ತಿತ್ತ ತೂಗುತ್ತಾ? ಇದ್ದರೆ ಒಳ್ಳೆಯ ಸೂಚನೆ. ಹಿಂಬದಿ-ಪಕ್ಕದ ಗೋಡೆ ಹಳೇ ಹಾರ್ಟ್ ಅಟ್ಯಾಕಿನಿಂದ ತೆಳ್ಳಗಾಗಿ ಗಾಯದ ಕಲೆ ಉಳಿದಿದ್ದರೆ ಅಷ್ಟು ಭರವಸೆ ಬೇಡ, ಯಂತ್ರದ ಎಡಗಡೆಯ ತಂತಿ (ಲೀಡ್) ಸಾಮಾನ್ಯವಾಗಿ ಕೂರುವುದೇ ಅಲ್ಲಿ, ಸತ್ತ ಸ್ನಾಯುವಿಗೆ ಕರೆಂಟ್ ಕೊಟ್ಟು ಏನು ಬಂತು? ಅನುಮಾನ ಇದ್ದರೆ ಎಂಆರ್‌ಐನಲ್ಲಿ ಕಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಗೋಡೆಗಳ ನಡುವಿನ ತಡವನ್ನು ಮಿಲಿಸೆಕೆಂಡಿನಲ್ಲಿ ಅಳೆಯುವುದೂ ಉಂಟು. ಆದರೆ ಆ ಒಂದು ಅಂಕಿ ನಂಬಿ ತೀರ್ಮಾನ ಮಾಡಬೇಡಿ. 2008ರ ‘ಪ್ರಾಸ್ಪೆಕ್ಟ್’ ಅಧ್ಯಯನದಲ್ಲಿ ಇಂಥ 12 ಅಳತೆ ಪರೀಕ್ಷಿಸಿದರು, ಯಾರಿಗೆ ಫಲ ಸಿಗುತ್ತದೆ ಅಂತ ಒಂದೂ ತಾನಾಗಿ ಸರಿಯಾಗಿ ಹೇಳಲಿಲ್ಲ, ಒಂದೇ ಚಿತ್ರವನ್ನು ಇಬ್ಬರು ಅಳೆದರೆ ಲೆಕ್ಕವೇ ಬೇರೆ ಬರುತ್ತಿತ್ತು. 2013ರ ‘ಎಕೋಸಿಆರ್‌ಟಿ’ ಇನ್ನೂ ಗಂಭೀರ. ಕ್ಯೂಆರ್‌ಎಸ್ 130 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೂ ಎಕೋದಲ್ಲಿ ತಡ ಕಂಡಿತೆಂದು ಎಲ್ಲರಿಗೂ ಯಂತ್ರ ಕೂರಿಸಿದ್ದರು. ಸಿಆರ್‌ಟಿ ಆನ್ ಮಾಡಿದ 404 ಜನರಲ್ಲಿ 45 ಮಂದಿ, ಆಫ್ ಇಟ್ಟ 405 ಜನರಲ್ಲಿ 26 ಮಂದಿ ತೀರಿಕೊಂಡರು. ಹಾಗಾಗಿ ಇಸಿಜಿಯಲ್ಲಿ ಅಗಲ ಇಲ್ಲದೆ ಬರೀ ಎಕೋ ತೋರಿಸಿ ಯಾರಾದರೂ ಹಾಕೋಣ ಅಂದರೆ, ದಯವಿಟ್ಟು ಇನ್ನೊಬ್ಬ ಡಾಕ್ಟರನ್ನು ಕೇಳಿ.

ಹಾಕಿಸುವ ಮುಂಚೆ ಇನ್ನೊಂದು ಕೆಲಸ. ಬಡಿತದ ಕೊನೆಯಲ್ಲಿ ಎಡಕೋಣೆಯಲ್ಲಿ ಎಷ್ಟು ಎಂಎಲ್ ರಕ್ತ ಉಳಿಯುತ್ತದೆ ಎಂಬ ಅಂಕಿಯನ್ನು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ, ಇಎಸ್‌ವಿ ಅಂತಾರೆ. ಆರು ತಿಂಗಳ ನಂತರ, ಆದರೆ ಅದೇ ಲ್ಯಾಬಿನಲ್ಲಿ, ಮತ್ತೆ ಎಕೋ ಮಾಡಿಸಿ. ಅದು ಶೇ 15 ಅಥವಾ ಜಾಸ್ತಿ ಇಳಿದಿದ್ದರೆ ಯಂತ್ರ ಕೆಲಸ ಮಾಡಿದೆ ಅಂತ ಡಾಕ್ಟರುಗಳು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ.