ಸುರಗಿ ಹೆಸರು ಊರವರ ಬಾಯಲ್ಲಿ ಕೂತದ್ದು: ನನ್ನ ಅನುಭವ

ನಮ್ಮ ಮಗಳ ಹೆಸರು ಸುರಗಿ. ಈಗ ಎರಡು ವರ್ಷ ದಾಟಿದೆ. ತೀರ್ಥಹಳ್ಳಿ ಕಡೆಯ ನೆಂಟರಿಂದ ಹಿಡಿದು ಶಿವಮೊಗ್ಗದ ನಮ್ಮ ಬೀದಿಗೆ ಹಾಲು ತರುವವರವರೆಗೆ ಎಲ್ಲರೂ ಸುರಗಿ ಅಂತಲೇ ಕರೆಯುತ್ತಾರೆ. ಇದು ಆಗೋ ಮಾತಲ್ಲ ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟಿದ್ದು ಶತಭಿಷ ನಕ್ಷತ್ರದ ನಾಲ್ಕನೇ ಪಾದ. ಹಾಗಾಗಿ ‘ಸು’ ಅಕ್ಷರಕ್ಕೆ ಭಟ್ಟರ ತಕರಾರು ಇರಲಿಲ್ಲ. ತಕರಾರು ದೊಡ್ಡಪ್ಪನದು. “ಕಾಡುಹೂವಿನ ಹೆಸರು ಯಾಕೋ ಮಾರಾಯ? ಆರು ತಿಂಗಳಲ್ಲಿ ಎಲ್ಲರೂ ಸುರಭಿ ಅಂತಾರೆ ನೋಡು” ಅಂದರು.

ಜನನ ನೋಂದಣಿ 21 ದಿನದೊಳಗೆ ಹೆಸರಿಲ್ಲದೆ ಮಾಡಿಸಿದ್ದೆ. ಹೆಸರು ಸೇರಿಸಲು ಒಂದು ವರ್ಷ ಶುಲ್ಕ ಇಲ್ಲ ಅಲ್ವಾ, ಆ ಸಮಯದಲ್ಲಿ ಹೆಸರನ್ನು ಪರೀಕ್ಷೆಗೆ ಹಚ್ಚಿದೆ. ಹೋಟೆಲ್ ಪಾರ್ಸೆಲ್, ಟೈಲರ್ ಅಂಗಡಿ, ಎಲ್ಲಿ ಹೆಸರು ಕೇಳಿದರೂ ಸುರಗಿ ಅಂತ ಹೇಳಿ, ಚೀಟಿಯಲ್ಲಿ ಏನು ಬರೆಯುತ್ತಾರೆ ನೋಡುತ್ತಿದ್ದೆ. ಮುಕ್ಕಾಲು ಪಾಲು ಸುರಭಿ. ಮೊಬೈಲಿಗೆ ಬಾಯಲ್ಲಿ ಹೇಳಿದರೆ ಒಮ್ಮೆ ಸುರಭಿ, ಒಮ್ಮೆ ಸುರಂಗ.

ಇಂಗ್ಲಿಷ್ ಸ್ಪೆಲ್ಲಿಂಗ್ ಮೇಲೂ ಪ್ರಯೋಗ ಮಾಡಿದೆ. ಬೆಂಗಳೂರಿನಲ್ಲಿರುವ ತಂಗಿ ತನ್ನ ಆಫೀಸಿನ ಬೇರೆ ರಾಜ್ಯದವರಿಂದ ಓದಿಸಿದಳು. ಹೆಚ್ಚಿನವರು ಸುರಾಗಿ ಅಂದರು, ಒಂದಿಬ್ಬರು ಸುರಾಜಿ. ‘ಜಿ’ ಪಕ್ಕ ‘ಎಚ್’ ಸೇರಿಸಿದರೆ ಸುರಾಘಿ. ಕೊನೆಗೆ ಎರಡು ‘ಇ’ ಹಾಕಿದರೆ ಸುರಗೀ ಅಂತ ಎಳೆದರು. ಸ್ಪೆಲ್ಲಿಂಗ್‌ನಿಂದ ಉಚ್ಚಾರ ಸರಿಹೋಗೋದಿಲ್ಲ ಅನ್ನೋದು ಖಾತ್ರಿಯಾಯಿತು. ಸುಮ್ನೆ Suragi ಅಂತ ಆರು ಅಕ್ಷರದ್ದನ್ನೇ ಉಳಿಸಿಕೊಂಡೆ.

ದುಡ್ಡು ಹೋಗಿದ್ದು ನಾಮಕರಣದ ಕಾರ್ಡಿಗೆ. ಪ್ರೂಫ್‌ನಲ್ಲಿ ಸುರಗಿ ಅಂತಲೇ ಇತ್ತು. ಅಚ್ಚಿಗೆ ಹೋಗುವಾಗ ಡಿಟಿಪಿ ಮಾಡುವವರು ತಪ್ಪಿರಬೇಕು ಅಂತ ಸುರಭಿ ಮಾಡಿಬಿಟ್ಟಿದ್ದರು. ನೂರೈವತ್ತು ಕಾರ್ಡು, ಎರಡು ಸಾವಿರದ ಮೇಲೆ. ಮರುಮುದ್ರಣಕ್ಕೆ ಅರ್ಧ ದುಡ್ಡು ನಾನೇ ಕೊಟ್ಟೆ.

ಆಗ ಹೊಳೆದದ್ದು ಹೂವಿನ ಉಪಾಯ. ಸುರಗಿ ಹೂ ಒಣಗಿದರೂ ಅದರ ಪರಿಮಳ ಹೋಗೋದಿಲ್ಲ. ಪ್ರತಿ ಕಾರ್ಡಿಗೂ ಒಂದು ಪುಟ್ಟ ಕವರ್‌ನಲ್ಲಿ ಹೂ ಸೇರಿಸೋಣ ಅಂದುಕೊಂಡೆ. ಮೊದಲು ಹಸಿ ಹೂ ಹಾಕಿದ ಕವರ್‌ಗಳಿಗೆ ಎರಡೇ ದಿನದಲ್ಲಿ ಬೂಷ್ಟು ಬಂತು. ಆಮೇಲೆ ಮಾಲೆ ಕಟ್ಟುವ ಅಜ್ಜಿಯೊಬ್ಬರ ಹತ್ತಿರ ಒಣಗಿದ ಮಾಲೆಯನ್ನೇ ತಂದೆ. ಮಾರಿಗೆ ಐವತ್ತೋ ಅರವತ್ತೋ, ಒಟ್ಟು ಎಂಟುನೂರರ ಆಸುಪಾಸು. ಬಿಳಿ ಎಸಳು ಕಂದಾಗಿತ್ತು, ನಡುವಿನ ಹಳದಿ ಕೇಸರವೂ ಮಾಸಿತ್ತು. ಆದರೆ ಕವರ್ ಬಿಡಿಸಿದರೆ ಇಡೀ ಜಗಲಿಗೆ ಘಮ. ಹುಳ ಬೀಳದ ಹಾಗೆ, ಪರಿಮಳ ವರ್ಷಗಟ್ಟಲೆ ನಿಲ್ಲುವ ಹಾಗೆ ಅದನ್ನು ಹದ ಮಾಡಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ಮೂಸಿ ನೋಡಿದವರು ಯಾರೂ ಮತ್ತೆ ಸುರಭಿ ಅನ್ನಲಿಲ್ಲ. ದೊಡ್ಡಪ್ಪ ಆ ಕವರನ್ನು ಇವತ್ತಿಗೂ ಪಂಚಾಂಗದ ನಡುವೆ ಇಟ್ಟುಕೊಂಡಿದ್ದಾರೆ.

ಕಾರ್ಡ್ ತಲುಪದವರಿಗೆ ಬೇರೆ ಕ್ರಮ. “ಸುರಭಿ ಅಲ್ಲ, ಸುರಗಿ” ಅಂತ ನಾವು ಒಮ್ಮೆಯೂ ತಿದ್ದಲಿಲ್ಲ. ಹಾಗೆ ತಿದ್ದಿದರೆ ಕೇಳಿದವರ ತಲೆಯಲ್ಲಿ ಸುರಭಿಯೇ ಉಳಿಯುತ್ತದೆ. “ಹೂಂ, ಸುರಗಿ ಹೂವಿನ ಸುರಗಿ” ಅಂತಷ್ಟೇ ಹೇಳುತ್ತಿದ್ದೆವು. ಲಸಿಕೆ ಹಾಕುವ ಸಿಸ್ಟರ್ ಎರಡನೇ ಸಲಕ್ಕೇ ಕಲಿತರು.

ಆಧಾರ್ ಮಾಡಿಸುವಾಗ ಮಾತ್ರ ಹುಷಾರು. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಕೂಡಲೇ ಕನ್ನಡದ ಸಾಲು ತಾನಾಗಿ ಸುರಾಗಿ ಆಗಿತ್ತು. ಅಲ್ಲೇ ದೀರ್ಘ ತೆಗೆಸಿದೆ. ಮೊದಲ ನೋಂದಣಿ ಉಚಿತ, ಆಮೇಲಿನ ತಿದ್ದುಪಡಿಗೆ ಶುಲ್ಕ, ಅದರ ಮೇಲೆ ಹೆಸರು ಬದಲಿಸಲು ಎರಡೇ ಅವಕಾಶ. ಜನನ ಪ್ರಮಾಣಪತ್ರದ ಎರಡೂ ಭಾಷೆಯ ಸಾಲನ್ನೂ ಹೀಗೇ ಓದಿ ತೆಗೆದುಕೊಳ್ಳಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಕ್ಕೆ ಆ ಪ್ರಮಾಣಪತ್ರವೇ ದಾಖಲೆ.

ಹೊಸನಗರ ಕಡೆಯ ಪರಿಚಯದವರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಅವರ ಮೊಮ್ಮಗಳಿಗೂ ಸುರಗಿ ಅಂತಲೇ ಇಟ್ಟಿದ್ದಾರೆ. ಕಾರ್ಡಿಗೆ ಹಾಕಲು ಹೂ ಕೇಳಿದರು, ಉಳಿದಿದ್ದ ಒಂದು ಮಾರು ಕಳಿಸಿಕೊಟ್ಟೆ. ನಿಮಗೂ ಬೇಕಿದ್ದರೆ ಶಿವರಾತ್ರಿ ಹೊತ್ತಿಗೇ ಮಾಲೆ ಕಟ್ಟುವವರಿಗೆ ಹೇಳಿಡಿ. ಹಂಗಾಮು ಚಿಕ್ಕದು.