ಶೇಪ್ ಲೇಯರಿನಲ್ಲೇ ಏಳುಸುತ್ತಿನ ಕೋಟೆ: ನನ್ನ ಅನುಭವ

ಚಿತ್ರಗಳಿಗೆ ಚಲನೆ ಕೊಡುವ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಗೆರೆ, ಆಕಾರಗಳನ್ನು ಬರೆಯುವ ಪದರವಾದ ಶೇಪ್ ಲೇಯರ್ ಇರುವುದು ಹೆಸರಿನ ಹಿಂದೆ ಬಣ್ಣದ ಪಟ್ಟಿ ಇಡುವುದಕ್ಕೆ ಮಾತ್ರ ಎಂದು ದಾವಣಗೆರೆಯ ಸ್ಟುಡಿಯೊ ಗೆಳೆಯರು ವಾದಿಸುತ್ತಿದ್ದರು. ಚಿತ್ರದುರ್ಗದ ಆರತಕ್ಷತೆಯೊಂದರ ಎಲ್‌ಇಡಿ ಪರದೆಯ ಮೇಲೆ ಕೋಟೆಯು ಗೆರೆಗೆರೆಯಾಗಿ ತಾನೇ ಮೂಡಿದ ಮೇಲೆ ಅವರೇ ವಿಧಾನ ಕೇಳತೊಡಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಸುಟ್ಟ ಲೆಕ್ಕ. ಕೊಂಡು ತಂದ ಟೆಂಪ್ಲೇಟಿಗೆ ಸುಮಾರು ಎರಡು ಸಾವಿರ ರೂಪಾಯಿ ಹೋಯಿತು. ಅದರಲ್ಲಿ ರಾಜಸ್ಥಾನದ ಕಮಾನುಗಳಿದ್ದವೇ ಹೊರತು ನಮ್ಮ ಬತೇರಿಗಳಿರಲಿಲ್ಲ. ಕೋಟೆಯ ಫೋಟೊಗೆ, ಅಂಚುಗಳನ್ನು ತಾನೇ ಹುಡುಕಿ ಗೆರೆ ಎಳೆಯುವ ಆಟೊ-ಟ್ರೇಸ್ ಕೊಟ್ಟರೆ ಬಂಡೆಯ ಬಿರುಕು ಬಿರುಕಿಗೂ ಒಂದೊಂದು ಮಾಸ್ಕ್ (ಹೊರರೇಖೆ) ಹುಟ್ಟಿಕೊಂಡು, 16 ಜಿಬಿ ರ್‍ಯಾಮಿನ ನನ್ನ ಕಂಪ್ಯೂಟರ್ ನಿಂತೇಹೋಯಿತು. ಚಿತ್ರ ಬರೆಯುವ ತಂತ್ರಾಂಶ ಇಲಸ್ಟ್ರೇಟರಿನಲ್ಲಿ ಬರೆದು ತಂದು ಶೇಪ್ ಆಗಿ ಪರಿವರ್ತಿಸಿದಾಗ, ನನ್ನಲ್ಲಿರುವ ಹಳೆಯ ಆವೃತ್ತಿಯಲ್ಲಿ ಗ್ರೇಡಿಯಂಟ್‌ಗಳು (ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವ ಛಾಯೆಗಳು) ಉಳಿಯಲಿಲ್ಲ.

ಕೊನೆಗೆ ಫೋಟೊವನ್ನು ಕೆಳಗಿಟ್ಟು ಲಾಕ್ ಮಾಡಿ, ಪೆನ್ ಟೂಲಿನಿಂದ ನಾನೇ ಬರೆದೆ. ಗೆರೆಗೊಂದು ಲೇಯರ್ ಮಾಡದೆ ಎಲ್ಲವನ್ನೂ ಒಂದೇ ಶೇಪ್ ಲೇಯರಿನೊಳಗೆ ಗ್ರೂಪುಗಳಾಗಿ ಇಟ್ಟು, ಅವೆಲ್ಲವುಗಳ ಕೆಳಗೆ ಗೆರೆಯ ಎಷ್ಟು ಭಾಗ ಕಾಣಬೇಕೆಂದು ನಿರ್ಧರಿಸುವ ಟ್ರಿಮ್ ಪಾತ್ಸ್ ಒಂದನ್ನೇ ಸೇರಿಸಿ, ಅದನ್ನು 'ಇಂಡಿವಿಜುವಲಿ'ಗೆ (ಒಂದೊಂದಾಗಿ) ಬದಲಿಸಿ, ಎಂಡ್ ಮೌಲ್ಯವನ್ನು 0ಯಿಂದ 100ಕ್ಕೆ ಓಡಿಸಿದರೆ ಗೆರೆಗಳು ಸಾಲಾಗಿ ಒಂದಾದ ಮೇಲೊಂದು ಬರುತ್ತವೆ. ಯಾವುದು ಮೊದಲು ಬರಬೇಕೆಂಬುದನ್ನು ಗ್ರೂಪುಗಳನ್ನು ಮೇಲೆ ಕೆಳಗೆ ಎಳೆದು ನಿರ್ಧರಿಸಬಹುದು. ಗೆರೆ ಕೈಬರಹದಂತೆ ಕಾಣಲು ನಾನು ಸ್ಟ್ರೋಕಿಗೆ ಏನು ಮಾಡಿದೆನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಕೋಟೆಯ ತೆನೆಗಳಿಗೆ, ಒಂದೇ ಆಕಾರದ ಪ್ರತಿಗಳನ್ನು ಮಾಡಿ ಜೋಡಿಸುವ ರಿಪೀಟರ್ ಸಾಕೆಂದು ಯಾರಿಗಾದರೂ ತೋಚುತ್ತದೆ. ನೇರ ಗೋಡೆಗೆ ಅದು ಸರಿ. ದುಂಡಗಿನ ಬತೇರಿಯಲ್ಲಿ ತೆನೆಗಳು ಎರಡೂ ಅಂಚಿಗೆ ಹೋದಂತೆ ಕಿರಿದಾಗಿ, ಒತ್ತೊತ್ತಾಗಿ ಕಾಣಬೇಕು. ರಿಪೀಟರ್ ಅಂತರವನ್ನು ಸಮವಾಗಿಯೇ ಇಡುವುದರಿಂದ ಬತೇರಿ ಚಪ್ಪಟೆಯಾಗುತ್ತದೆ. ಹೀಗಾಗಿ ಅವನ್ನು ಒಂದೊಂದಾಗಿ ಕೈಯಲ್ಲೇ ಬರೆದೆ, ಬಹುಪಾಲು ಸಮಯ ಹೋದದ್ದೂ ಅಲ್ಲಿಯೇ.

ಹಿನ್ನೆಲೆಗೆ ಚಿತ್ರದುರ್ಗದ ಬಳಿಯ ಬೆಟ್ಟ ಜೋಗಿಮಟ್ಟಿಯ ಗಾಳಿಯಂತ್ರಗಳನ್ನೂ ಸೇರಿಸಿ ನೋಡಿದೆ. ಒಂದು ರೆಕ್ಕೆ ಬರೆದು ರಿಪೀಟರ್ ಹಾಕಿದರೆ ಪ್ರತಿಗಳು ತಾವಾಗಿಯೇ ಮೂರು ಬರುತ್ತವೆ; ಪೊಸಿಷನ್‌ನ 100ನ್ನು 0 ಮಾಡಿ ರೊಟೇಷನ್‌ಗೆ 120 ಕೊಟ್ಟರೆ ಮುಗಿಯಿತು. ಗೋಡೆಯ ಮೇಲಿನ ಪಂಜುಗಳಿಗೆ, ಗೆರೆಯನ್ನು ಅಲುಗಾಡಿಸುವ ವಿಗಲ್ ಪಾತ್ಸ್ ಬಳಸುವಾಗ ಅದು ರಿಪೀಟರಿನ ಕೆಳಗಿರಲಿ. ಮೇಲಿದ್ದರೆ ಎಲ್ಲ ಜ್ವಾಲೆಗಳೂ ಕವಾಯತು ಮಾಡಿದಂತೆ ಒಂದೇ ರೀತಿ ಅಲ್ಲಾಡುತ್ತವೆ.

ಪರದೆಯವರು ಕಾರ್ಯಕ್ರಮದ ಹಿಂದಿನ ಸಂಜೆ ಅಳತೆ ಬದಲಿಸಿ, 1920ರ ಬದಲು ಹೆಚ್ಚುಕಡಿಮೆ 3000 ಪಿಕ್ಸೆಲ್ ಅಗಲ ಬೇಕೆಂದರು. ಟೆಂಪ್ಲೇಟಿನ ಚಿತ್ರಗಳಾಗಿದ್ದರೆ ಮಸುಕಾಗುತ್ತಿದ್ದವು. ಶೇಪ್ ಆದ್ದರಿಂದ ಸ್ಕೇಲ್ ಹೆಚ್ಚಿಸಿ ರಾತ್ರಿಯೇ ರೆಂಡರಿಗೆ ಹಾಕಿದೆ. ಆ ಕೆಲಸಕ್ಕೆ ಎಂಟು ಸಾವಿರದಷ್ಟು ಸಿಕ್ಕಿತು. ಬಣ್ಣ, ಹೆಸರು ಬದಲಿಸಿ ಅದೇ ಕೋಟೆಯನ್ನು ಆಮೇಲೆ ಮೂರ್ನಾಲ್ಕು ಮದುವೆಗಳಿಗೆ ಕೊಟ್ಟಿದ್ದೇನೆ. ಪ್ರಾಜೆಕ್ಟ್ ಫೈಲ್ ಕೇಳುವವರಿಗೆ ದರ ಬೇರೆ.