ಏರ್ ಪಿಸ್ತೂಲಿಗೆ ಹೊಂದುವ ಪೆಲೆಟ್ ಹುಡುಕುವುದು ಹೇಗೆ

ಹೋದ ವಾರ ಧಾರವಾಡದ ಸಪ್ತಾಪುರದ ಹುಡುಗನೊಬ್ಬ ಫೋನ್ ಮಾಡಿದ್ದ. ಪಿಸ್ತೂಲಿನ ಕಾಡತೂಸನ್ನು ಮನೆಯಲ್ಲೇ ತುಂಬಿಕೊಳ್ಳುವ ವಿಡಿಯೋ ನೋಡಿದ್ದನಂತೆ. "ಕಾಕಾ, ನಾವೂ ಹಂಗ ಮಾಡಬಹುದೇನ್ರಿ?" ಅಂತ ಕೇಳಿದ. ಬೇಡಪ್ಪಾ ಅಂದೆ. ಅಮೆರಿಕದಲ್ಲಿ ಅದೊಂದು ಹವ್ಯಾಸ, ನಿಜ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಅಪರಾಧ. ಆದರೆ ಅವನಿಗೆ ಬೇಕಾಗಿದ್ದು ತನ್ನ ಏರ್ ಪಿಸ್ತೂಲಿಗೆ ಸರಿಯಾಗಿ ಹೊಂದುವ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಅಲ್ವಾ? 10 ಮೀಟರ್ ಏರ್ ಪಿಸ್ತೂಲ್ ಹೊಡೆಯುವ ನಮಗೆ ಆ ಕೆಲಸ ಮಾಡಲು ದಾರಿ ಇದೆ, ಅದಕ್ಕೆ ಮದ್ದೂ ಬೇಡ, ಅಪಾಯವೂ ಕಡಿಮೆ. 20 ಜೌಲ್‌ಗಿಂತ ಕಡಿಮೆ ಶಕ್ತಿಯ 4.5 ಮಿ.ಮೀ. ಏರ್ ಪಿಸ್ತೂಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಪಂದ್ಯಕ್ಕೆ ಬಳಸುವ ಮ್ಯಾಚ್ ಪಿಸ್ತೂಲಿನ ಶಕ್ತಿ ಸುಮಾರು ಐದೂವರೆ ಜೌಲ್, ಅಷ್ಟೇ.

ನಾನು ಇದನ್ನು ಕಲಿತದ್ದು ತಡವಾಗಿ. ಒಂದು ಪಂದ್ಯದ ಹಿಂದಿನ ದಿನ ಪೆಲೆಟ್ ಖಾಲಿಯಾಯಿತು ಅಂತ ಅದೇ ಹೆಸರಿನ ಹೊಸ ಡಬ್ಬಿ ತಂದೆ. ಮಾರನೇ ದಿನ ಹೊಡೆತಗಳೆಲ್ಲ ಚದುರಿ ಹೋದವು. ಮಣಿಕಟ್ಟು ಸರಿ ಇಲ್ಲ, ಉಸಿರು ಸರಿ ಇಲ್ಲ ಅಂತ ಮೂರು ತಿಂಗಳು ನನ್ನನ್ನೇ ಬೈದುಕೊಂಡೆ. ಕೊನೆಗೆ ಎರಡೂ ಡಬ್ಬಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಹಳೆಯದರಲ್ಲಿ 4.50 ಅಂತ ಇದೆ, ಹೊಸದರಲ್ಲಿ 4.49. ಹೆಸರು ಒಂದೇ, ಬಣ್ಣ ಒಂದೇ, ಅಳತೆ ಬೇರೆ.

ಮೊದಲು ಪೆಲೆಟ್ ಕೈಯಲ್ಲಿ ಹಿಡಿದು ನೋಡಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ತೆಳು ಸ್ಕರ್ಟ್. ತಲೆ ಚಪ್ಪಟೆ ಇರುವುದು ಗುರಿಯ ಕಾರ್ಡಿನಲ್ಲಿ ಅಂಚು ಹರಿಯದೆ ದುಂಡಗೆ ತೂತು ಬೀಳಲಿ ಅಂತ. ಹಿಂದಿನಿಂದ ಗಾಳಿ ಒತ್ತಿದಾಗ ಆ ತೆಳು ಸ್ಕರ್ಟ್ ಅರಳಿ ನಳಿಗೆಯ ಗೋಡೆಗೆ ಅಂಟುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ತಲೆ ನಳಿಗೆಯೊಳಗಿನ ಸುರುಳಿ ಗೆರೆಗಳ ಮೇಲೆ ಕೂತು ನೇರ ಸಾಗುತ್ತದೆ. ಡಬ್ಬಿ ಮೇಲಿನ 4.48, 4.49, 4.50, 4.51 ಎಂಬ ಅಂಕಿಗಳು ತಲೆಯ ಅಳತೆ, ಮಿಲಿಮೀಟರಿನಲ್ಲಿ. ಯಾವುದು ಒಳ್ಳೆಯದು ಅಂತ ಕೇಳಬೇಡಿ, ಯಾಕೆಂದರೆ ಒಂದೇ ಕಂಪನಿಯ ಎರಡು ಪಿಸ್ತೂಲುಗಳಿಗೂ ಬೇರೆ ಬೇರೆ ಅಳತೆ ಹಿಡಿಸಬಹುದು. ನಿಮ್ಮ ನಳಿಗೆಯನ್ನೇ ಕೇಳಬೇಕು.

ತೂಕದ ವಿಷಯ. ಪಿಸ್ತೂಲಿಗೆ ಸಾಮಾನ್ಯವಾಗಿ 0.45ರಿಂದ 0.49 ಗ್ರಾಂ ಪೆಲೆಟ್ ಬಳಸುತ್ತಾರೆ, 0.53 ಗ್ರಾಮಿನದು ಹೆಚ್ಚಾಗಿ ರೈಫಲ್‌ನವರಿಗೆ. ಒಂದೊಂದು ಪೆಲೆಟ್ಟನ್ನೂ ತೂಗಿ ಬೇರ್ಪಡಿಸಿದರೆ ಸ್ಕೋರ್ ಏರುತ್ತದೆ ಅಂತ ನಾನೂ ನಂಬಿದ್ದೆ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋಗಿ ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಐವತ್ತು ಪೆಲೆಟ್ ತೂಗಿಸಿದೆ. ಫ್ಯಾನ್ ಆಫ್ ಮಾಡಿಸಬೇಕಾಯಿತು, ಗಾಳಿಗೇ ಅಂಕಿ ಓಡಾಡುತ್ತಿತ್ತು. ಬಹುತೇಕ ಎಲ್ಲವೂ 0.487 ಮತ್ತು 0.494ರ ನಡುವೆ ಬಂದವು. ಒಂದು ಮಾತ್ರ 0.471. ತಿರುಗಿಸಿ ನೋಡಿದರೆ ಅದರ ಸ್ಕರ್ಟಿನ ಒಂದು ಕಡೆ ಸೀಸ ಪೂರ್ತಿ ತುಂಬಿರಲೇ ಇಲ್ಲ, ಇಲಿ ಕಚ್ಚಿದ ಹಾಗೆ ಕಾಣುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಮ್ಯಾಚ್ ಪಿಸ್ತೂಲಿನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ದಾಟಲು ಹತ್ತಿರ ಹತ್ತಿರ 0.067 ಸೆಕೆಂಡ್. ಅಷ್ಟರಲ್ಲಿ ಅದು 22 ಮಿ.ಮೀ. ಕೆಳಗೆ ಇಳಿಯುತ್ತದೆ. ಐದು ಮಿಲಿಗ್ರಾಂ ತೂಕ ಹೆಚ್ಚಾದರೆ ವೇಗ ಶೇಕಡಾ 0.5ರಷ್ಟು ಕಡಿಮೆಯಾದೀತು, ಅಂದರೆ ಗುರಿಯಲ್ಲಿ ಕಾಲು ಮಿಲಿಮೀಟರ್ ವ್ಯತ್ಯಾಸವೂ ಬರುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಡಬ್ಬಿಯಲ್ಲಿ ಎಷ್ಟು ಕೆಟ್ಟವು ಇವೆ ಅಂತ ತಿಳಿಯಲು ಐವತ್ತು ತೂಗಿ, ಸಾಕು. ಸುಮ್ನೆ ಐನೂರನ್ನೂ ತೂಗುತ್ತ ಕೂರಬೇಡಿ. ಆ ಸಮಯದಲ್ಲಿ ಕಣ್ಣಿಂದ ನೋಡಿ ಆರಿಸಿ, ಅದರಿಂದ ಜಾಸ್ತಿ ಉಪಯೋಗ ಇದೆ.

ಕಣ್ಣಿಂದ ಆರಿಸುವುದು ಹೀಗೆ. ಬೆಳಕಿನ ಕೆಳಗೆ ಬಿಳಿ ಹಾಳೆ ಹಾಸಿ, ಡಬ್ಬಿಯಿಂದ ಸುರಿಯದೆ ಇಪ್ಪತ್ತು ಇಪ್ಪತ್ತಾಗಿ ತೆಗೆದು ಸ್ಕರ್ಟ್ ಮೇಲಾಗಿ ನಿಲ್ಲಿಸಿ. ಅಂಚು ಪೂರ್ತಿ ದುಂಡಗಿದೆಯೇ, ಸೀಸದ ಎಳೆ ಅಂಟಿದೆಯೇ, ತಲೆಯಲ್ಲಿ ಗಾಯ ಇದೆಯೇ ನೋಡಿ. ಅನುಮಾನ ಬಂದರೆ ಗಾಜಿನ ಮೇಲೆ ಮೆಲ್ಲಗೆ ಉರುಳಿಸಿ. ಸರಿ ಇದ್ದದ್ದು ನುಣ್ಣಗೆ ಬಾಗಿ ಉರುಳುತ್ತದೆ. ಸ್ಕರ್ಟ್ ಸೊಟ್ಟಗಿದ್ದರೆ ಕುಂಟುತ್ತಾ ಹೋಗುತ್ತದೆ, ಬೆರಳಿಗೇ ಗೊತ್ತಾಗುತ್ತದೆ. ಸೊಟ್ಟಗಾದದ್ದನ್ನು ತಿದ್ದಲು ಹೋಗಬೇಡಿ, ಬೇರೆ ಡಬ್ಬಿಗೆ ಹಾಕಿ, ಆಮೇಲೆ ಟ್ರಿಗರ್ ಅಭ್ಯಾಸಕ್ಕೆ ಬಳಸಬಹುದು. ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಹುಬ್ಬಳ್ಳಿ-ಧಾರವಾಡ ಓಡಾಡುವವರೇ, ಪೆಲೆಟ್ ಹಾಳಾಗುವುದು ಅಲ್ಲೇ. ಸೀಸ ಮೆತ್ತಗಿರುತ್ತದೆ, ಒಂದಕ್ಕೊಂದು ಬಡಿದು ಅಂಚು ಮುರುಟುತ್ತದೆ. ಡಬ್ಬಿಯೊಳಗೆ ಮೇಲೊಂದು ತೆಳು ಸ್ಪಂಜು ಇಟ್ಟು ಮುಚ್ಚಿ.

ಈಗ ಪರೀಕ್ಷೆ. ಮೂರು ಬಗೆ ತಗೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ಒಂದೇ ಹೆಸರಿನ, ಒಂದೇ ತೂಕದ 4.49, 4.50, 4.51 ಆದರೆ ಒಳ್ಳೆಯದು, ಯಾಕೆಂದರೆ ಆಗ ಬದಲಾಗುವುದು ಒಂದೇ ಸಂಗತಿ. ಹೆಸರು, ತೂಕ, ಅಳತೆ ಮೂರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಂದಲೂ ಹೇಳಲು ಆಗಲ್ಲ. ಮೂರು ಜನ ಗೆಳೆಯರು ಸೇರಿ ಒಬ್ಬೊಬ್ಬರು ಒಂದೊಂದು ಡಬ್ಬಿ ತಂದು ಹಂಚಿಕೊಂಡರೆ ಜೇಬಿಗೂ ಹಗುರ.

ರೇಂಜಿನಲ್ಲೇ ಮಾಡಿ. ಮನೆಯಲ್ಲೇ ಮಾಡುವುದಾದರೆ ಗುರಿಯ ಕಡೆಗಿನ ಬಾಗಿಲಿಗೆ ಚಿಲಕ ಹಾಕಿರಬೇಕು, ಹಿಂದೆ ಪೆಲೆಟ್ ಹಿಡಿದುಕೊಳ್ಳುವ ಉಕ್ಕಿನ ಪೆಟ್ಟಿಗೆ, ಅಂದರೆ ಪೆಲೆಟ್ ಟ್ರ್ಯಾಪ್ ಇರಬೇಕು, ಅಲ್ಲಿರುವ ಎಲ್ಲರ ಕಣ್ಣಿಗೂ ಕನ್ನಡಕ ಇರಬೇಕು. ಗಟ್ಟಿ ಗೋಡೆಗೆ ಬಡಿದ ಪೆಲೆಟ್ ವಾಪಸ್ ಬರುತ್ತದೆ. ಕಾರ್ಡ್ ಬದಲಿಸಲು ಯಾರಾದರೂ ಮುಂದೆ ಹೋದಾಗ ಪಿಸ್ತೂಲ್ ಖಾಲಿ ಮಾಡಿ, ತೆರೆದು, ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ಐದು ಜೌಲ್ ತಾನೇ ಅಂತ ಸಡಿಲ ಬಿಡಬೇಡಿ, ಕಣ್ಣು ಹೋಗಲು ಅಷ್ಟು ಸಾಕು.

ನಿಂತು ಒಂದೇ ಕೈಯಲ್ಲಿ ಹೊಡೆದರೆ ಪೆಲೆಟ್ ಪರೀಕ್ಷೆ ಆಗುವುದಿಲ್ಲ, ನಿಮ್ಮ ಪರೀಕ್ಷೆ ಆಗುತ್ತದೆ. ಕುರ್ಚಿಯಲ್ಲಿ ಕೂತು, ಎರಡೂ ಕೈಯಿಂದ ಹಿಡಿದು, ಹಿಡಿಕೆಯನ್ನು ಚೀಲದ ಮೇಲೆ ಊರಿ. ನಾನು ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು ಎರಡು ಕಿಲೋ ಜೋಳ ತುಂಬಿದ್ದೇನೆ, ಒತ್ತಿದ ಆಕಾರಕ್ಕೆ ನಿಲ್ಲುತ್ತದೆ. ಆ ಜೋಳವನ್ನು ಮತ್ತೆ ಅಡುಗೆಗೆ ತೆಗೆಯಬೇಡಿ. ನಳಿಗೆಯಾಗಲಿ ಗಾಳಿಯ ಸಿಲಿಂಡರ್ ಆಗಲಿ ಚೀಲಕ್ಕೆ ತಾಗಬಾರದು, ತಾಗಿದರೆ ಪ್ರತಿ ಹೊಡೆತಕ್ಕೂ ಬೇರೆ ಥರ ಅದುರುತ್ತದೆ. ಸಿಲಿಂಡರಿನ ಒತ್ತಡ 200 ಬಾರ್‌ನಿಂದ ಶುರುವಾಗಿ 100ರ ಹತ್ತಿರ ಬಂದರೆ ಮತ್ತೆ ತುಂಬಿಸಿ. ಅದರ ಮೇಲೆ ಬರೆದ ತಾರೀಖನ್ನೂ ಒಮ್ಮೆ ನೋಡಿ, ಅವಧಿ ಮುಗಿದಿದ್ದರೆ ಬಳಸಲೇಬೇಡಿ. ತುಂಬಿಸುವ ಜಾಗಕ್ಕೆ ಎಣ್ಣೆ, ಗ್ರೀಸು ಹಚ್ಚಬೇಡಿ, ಹೆಚ್ಚಿನ ಒತ್ತಡದ ಗಾಳಿಗೆ ಎಣ್ಣೆ ಸೇರಿದರೆ ಹೊತ್ತಿಕೊಳ್ಳಬಹುದು.

ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ ಹತ್ತು ಹೊಡೆತ ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆ ಹೊಸ ಸೀಸಕ್ಕೆ ಒಗ್ಗಲಿ. ನಳಿಗೆ ಒರೆಸಿದ ಮೇಲಾದರೆ ಇಪ್ಪತ್ತೋ ಮೂವತ್ತೋ ಬೇಕು. ಆಮೇಲೆ ಕಾರ್ಡಿಗೆ ಹತ್ತರಂತೆ, ಪ್ರತಿ ಬಗೆಗೆ ಮೂರು ಕಾರ್ಡ್. ಐದೇ ಹೊಡೆತದ ಒಂದು ಚಂದದ ಗ್ರೂಪ್ (ಒತ್ತಾಗಿ ಬಿದ್ದ ತೂತುಗಳ ಗುಂಪು) ನೋಡಿ ತೀರ್ಮಾನ ಮಾಡಬೇಡಿ, ಅದು ಅದೃಷ್ಟವೂ ಆಗಿರಬಹುದು. ಕ್ರಮವನ್ನೂ ಬದಲಿಸಿ: ಮೊದಲ ಸುತ್ತು ಒಂದು, ಎರಡು, ಮೂರು. ಮುಂದಿನ ಸುತ್ತು ಮೂರು, ಒಂದು, ಎರಡು. ಇಲ್ಲದಿದ್ದರೆ ಕೊನೆಗೆ ಹೊಡೆದ ಪೆಲೆಟ್ ನಿಮ್ಮ ದಣಿವಿನ ಶಿಕ್ಷೆ ಅನುಭವಿಸುತ್ತದೆ.

ನನ್ನ ಮಗಳು ಇನ್ನೊಂದು ಉಪಾಯ ಮಾಡಿದಳು. "ಅಪ್ಪಾ, ನಿಮಗ ಯಾವುದು ಅಂತ ಹೇಳೂದಿಲ್ಲ" ಅಂದು ಮೂರು ಬಾಟಲಿ ಮುಚ್ಚಳಗಳಲ್ಲಿ ಪೆಲೆಟ್ ಹಾಕಿ, ಮುಚ್ಚಳದ ಕೆಳಗೆ ಗುರುತು ಬರೆದು ಕೊಟ್ಟಳು. ದುಬಾರಿ ಡಬ್ಬಿಯೇ ಗೆಲ್ಲಲಿ ಅಂತ ನನ್ನ ಮನಸ್ಸು ಬಯಸುತ್ತಿತ್ತು, ಅದಕ್ಕೆ ಅವಳು ಅವಕಾಶ ಕೊಡಲಿಲ್ಲ. ಗೆದ್ದದ್ದು ನಡುವಿನ ಬೆಲೆಯದು, ತಲೆ ಅಳತೆ 4.50.

ತುಂಬುವಾಗ ಪ್ರತಿ ಸಲ ಒಂದೇ ಥರ ತುಂಬಿ. ತಲೆ ಮುಂದಾಗಿ ಇಟ್ಟು ಬೆರಳ ತುದಿಯಿಂದ ನೇರ ಒತ್ತಿ, ಅಂಚಿಗೆ ಸಮವಾಗಿ ಕೂತಿತು ಅಂತ ಸವರಿ ನೋಡಿ, ಆಮೇಲೆ ಮುಚ್ಚಿ. ಓರೆಯಾಗಿ ಕೂತದ್ದನ್ನು ಹಾಗೇ ಮುಚ್ಚಿದರೆ ಸ್ಕರ್ಟ್ ಮಡಚಿಕೊಳ್ಳುತ್ತದೆ. ಅಳತೆ ಹೊಂದುವ ಪೆಲೆಟ್ ಬೆರಳಿಗೆ ಸ್ವಲ್ಪ ಬಿಗಿ ತೋರಿಸಿ ಒಳಗೆ ಇಳಿಯುತ್ತದೆ. ತಾನಾಗಿ ಬಿದ್ದು ಹೋದರೆ ಸಡಿಲ, ಉಗುರು ನೋಯುವಷ್ಟು ಒತ್ತಬೇಕಾದರೆ ದೊಡ್ಡದು.

ಅಳೆಯುವುದು ಸುಲಭ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ, ನಡುವಿನಿಂದ ನಡುವಿಗೆ ಇರುವ ಅಂತರ ಸಿಗುತ್ತದೆ. ಹೊಡೆತಗಳು ಹತ್ತರ ಮೇಲೆಯೇ ಬೀಳಬೇಕು ಅಂತ ಈಗ ಸೈಟ್ (ಗುರಿ ನೋಡುವ ಭಾಗ) ತಿರುಗಿಸಬೇಡಿ, ಎಲ್ಲಿ ಬಿದ್ದವು ಅನ್ನುವುದು ಮುಖ್ಯ ಅಲ್ಲ, ಎಷ್ಟು ಒತ್ತಾಗಿ ಬಿದ್ದವು ಅಷ್ಟೇ. ತಾರೀಖು, ಪೆಲೆಟ್ ಹೆಸರು, ತಲೆ ಅಳತೆ, ಡಬ್ಬಿಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಪೆಲೆಟ್‌ಗಳ ಗುರುತು ಸಂಖ್ಯೆ), ಒತ್ತಡ ಎಲ್ಲ ಕಾರ್ಡಿನ ಹಿಂದೆಯೇ ಬರೆಯಿರಿ.

ಎಷ್ಟು ಒತ್ತಾಗಿದ್ದರೆ ಸಾಕು? ಹತ್ತರ ವೃತ್ತದ ಅಗಲ 11.5 ಮಿ.ಮೀ. ತೂತಿನ ಅಂಚು ಆ ಗೆರೆಗೆ ತಾಗಿದರೂ ಹತ್ತೇ ಸಿಗುತ್ತದೆ, ಹಾಗಾಗಿ ಪೆಲೆಟ್ಟಿನ ನಡುಭಾಗ ಗುರಿಯ ನಡುವಿನಿಂದ 8 ಮಿ.ಮೀ. ಸರಿದರೂ ನಡೆಯುತ್ತದೆ. ಹತ್ತು ಹೊಡೆತದ ತೂತು 4.5 ಕಳೆಯದೆ, ಹೊರಗಿನಿಂದ ಹೊರಗೆ 8-9 ಮಿ.ಮೀ. ಒಳಗಿದ್ದರೆ ಆ ಪೆಲೆಟ್ ನಿಮ್ಮ ಅಂಕ ಕಸಿಯುವುದಿಲ್ಲ. 14-15 ಆಗುತ್ತಿದ್ದರೆ ನೀವು ಸರಿಯಾಗಿ ಬಿಟ್ಟ ಹೊಡೆತವೂ ಒಮ್ಮೊಮ್ಮೆ ಒಂಬತ್ತಕ್ಕೆ ಜಾರುತ್ತದೆ. ಈಗ ತಾನೇ ಶುರು ಮಾಡಿ ಕಾರ್ಡ್ ತುಂಬಾ ಹರಡುತ್ತಿರುವವರಿಗೆ ಇದೆಲ್ಲ ಅವಸರ ಇಲ್ಲ. ಒಂದು ಒಳ್ಳೇ ಡಬ್ಬಿ ಹಿಡಿದು ಟ್ರಿಗರ್ ಕಲಿಯಿರಿ. 60 ಹೊಡೆತಕ್ಕೆ 600ರಲ್ಲಿ 540 ದಾಟಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು, ಮನು ಭಾಕರ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಇದೇ 11.5 ಮಿ.ಮೀ. ಹತ್ತರ ಗುರಿಯ ಆಟದಲ್ಲಿ. ಆ ಮಟ್ಟದಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆ ಇದೆ.

ಹೊಂದುವ ಲಾಟ್ ಸಿಕ್ಕರೆ ಅದೇ ನಂಬರಿನ ಡಬ್ಬಿಗಳನ್ನು ಒಟ್ಟಿಗೆ ತಗೊಳ್ಳಿ. ದಿನಕ್ಕೆ 80ರಂತೆ ವಾರಕ್ಕೆ ಐದು ದಿನ ಹೊಡೆದರೆ ವರ್ಷಕ್ಕೆ ಸುಮಾರು 20,000, ಅಂದರೆ 500 ಪೆಲೆಟ್ಟಿನ ಸುಮಾರು 40 ಡಬ್ಬಿ. ಅಷ್ಟು ದುಡ್ಡು ಎಲ್ಲರ ಹತ್ತಿರ ಇರಲ್ಲ. ನಾನು ಮಾಡುವುದು ಏನೆಂದರೆ, ಪರೀಕ್ಷೆಯಲ್ಲಿ ಗೆದ್ದ ಲಾಟಿನ ಐದಾರು ಡಬ್ಬಿ ಪಂದ್ಯಕ್ಕೆ ಅಂತ ಎತ್ತಿಡುತ್ತೇನೆ, ದಿನದ ಅಭ್ಯಾಸಕ್ಕೆ ಅದೇ ತಲೆ ಅಳತೆಯ ಕಡಿಮೆ ಬೆಲೆಯದು. ಪಂದ್ಯಕ್ಕೆ ಹತ್ತು ದಿನ ಇರುವಾಗ ಪಂದ್ಯದ ಡಬ್ಬಿಗೆ ಬದಲಾಗಿ ಸೈಟ್ ಸರಿ ಮಾಡಿಕೊಳ್ಳುತ್ತೇನೆ. ಧಾರವಾಡದ ಮಳೆಗಾಲದಲ್ಲಿ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಡಬ್ಬಿಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಳಿ ಪುಡಿ ಬಂದ ಪೆಲೆಟ್ ನಳಿಗೆಗೆ ಹಾಕಬೇಡಿ, ಬರಿಗೈಯಲ್ಲಿ ಉಜ್ಜಲೂ ಬೇಡಿ.

ಸೀಸ ಅಂದರೆ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಪೆಲೆಟ್ಟನ್ನು ತುಟಿಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಕೆಲವರಿಗಿದೆ, ಇವತ್ತೇ ಬಿಡಿ. ಅಭ್ಯಾಸದ ನಡುವೆ ಗಿರಮಿಟ್ಟು, ಮಿರ್ಚಿ ಬೇಡ. ಮುಗಿದ ಮೇಲೆ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ ತೊಳೆದು ಆಮೇಲೆ ತಿನ್ನಿ. ನೆಲವನ್ನು ಕಸಬರಿಗೆಯಿಂದ ಗುಡಿಸಿದರೆ ಪುಡಿ ಗಾಳಿಗೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಟ್ರ್ಯಾಪಿನಲ್ಲಿ ಕೂಡಿದ ಸೀಸವನ್ನು ಮನೆಯಲ್ಲಿ ಕರಗಿಸಬೇಡಿ. ಗಟ್ಟಿ ಡಬ್ಬಕ್ಕೆ ಹಾಕಿ, ಮೇಲೆ ಸೀಸ ಅಂತ ಬರೆದು, ಹಳೇ ಬ್ಯಾಟರಿ ತಗೊಳ್ಳುವ ಗುಜರಿಯವರಿಗೆ ಹೇಳಿಯೇ ಕೊಡಿ.